ಅಂಜಿಕೆಯ ಪಾಠ ಹೇಳಿದವರು

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಇಲಿಯೊಂದು ಕಚ್ಚಿ ಕಿತ್ತಿತ್ತು. ಆದರೂ ಅದೇ ಬೆರಳಿನಿಂದ ನಮ್ಮ ಮೇಡಂ ಪ್ರಯೋಗಾಲಯದ ಇಲಿಗಳ ಕತ್ತು ನೇವರಿಸುತ್ತಿದ್ದರು. ಪ್ರಯೋಗದ ಪೆಟ್ಟಿಗೆಗೆ ಬಿಡುವ ಮೊದಲು, "ತಪ್ಪ ತಿಳೀಬ್ಯಾಡವಾ" ಅಂತ ಒಂದು ಮಾತು.

ತೆಲುಗರ ರಾಜ್ಯ ಇನ್ನೂ ಒಡೆಯದೆ ಒಂದಾಗಿದ್ದ ಕಾಲ. ಅದರ ರಾಜಧಾನಿಯ ತಾರ್ನಾಕದಲ್ಲಿ ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ. ನಾನು ಬೀದರಿನವಳೆಂದು ತಿಳಿದದ್ದೇ ನನ್ನೊಡನೆ ಕಲಬುರ್ಗಿ ಕನ್ನಡಕ್ಕಿಳಿದರು. ನಮ್ಮ ಪ್ರಯೋಗ ಇಷ್ಟು: ಗಂಟೆ ಬಾರಿಸಿ ಇಲಿಯ ಕಾಲಿಗೆ ಸಣ್ಣ ಶಾಕ್ ಕೊಟ್ಟರೆ, ಆಮೇಲೆ ಬರೀ ಗಂಟೆಗೇ ಅದು ಅಂಜಿ ಕಲ್ಲಾಗುತ್ತದೆ. ಶಾಕ್ ಇಲ್ಲದೆ ಗಂಟೆ ಬಾರಿಸುತ್ತ ಹೋದರೆ ಮೆಲ್ಲಗೆ ಓಡಾಡತೊಡಗುತ್ತದೆ.

"ಮರೀತು ಅಂತ ತಿಳ್ಕೊಂಡೀಯೇನ ತಂಗಿ?" ಎಂದು ಕೇಳಿದರು. "ಮರೆಯೂದಿಲ್ಲ. ಮಿದುಳಿನ್ಯಾಗ ತಡೆಯೂ ಕೋಶ ಅದಾವಲ್ಲ, ಅವು ಅಂಜಿಕೀನ ಹಿಡದು ಕುಂದ್ರಸ್ತಾವ. ಅವು ಸೋತ್ವು ಅಂದ್ರ ಕಂಡ ಕಂಡ ಸಪ್ಪಳಕ್ಕೆಲ್ಲ ಅಂಜಿಕಿ."

ಸಂಜೆ ಅವರನ್ನು ಕರೆದೊಯ್ಯಲು ಗಂಡ ಸ್ಕೂಟರಿನಲ್ಲಿ ಬರುತ್ತಿದ್ದರು. ಒಂದು ದಿನ ಬೋರ್ಡಿನ ಮುಂದೆ ವಿವರಿಸುತ್ತಿದ್ದಾಗ ಗೇಟಿನ ಬಳಿ ಸ್ಕೂಟರ್ ಸದ್ದಾಯಿತು. ಮೇಡಂ ಮಾತು ಅಲ್ಲಿಗೇ ನಿಂತಿತು. ಚಾಕ್ ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. ಬಂದವನು ಕ್ಯಾಂಟೀನಿಗೆ ಹಾಲು ಹಾಕುವವನು. ಅವರು ಕೈ ಇಳಿಸುವಾಗ ಸೆರಗು ಸರಿದು, ತೋಳಿನ ಮೇಲಿನ ಬಾಸುಂಡೆ ಕಂಡಿತು.

ನಾನು ವಿಭಾಗದ ಮುಖ್ಯಸ್ಥರಲ್ಲಿಗೆ ಹೋಗಿ ಹೇಳಿದೆ. "ಅದು ಅವರ ಮನೆ ವಿಷಯಾರಿ," ಎಂದರು, ತಲೆಯೆತ್ತದೆ. ಮೇಡಂ ಭಯದ ಬಗ್ಗೆ ಬರೆದ ಪ್ರಬಂಧಗಳಿಗೆ ತಮ್ಮ ಹೆಸರು ಸೇರಿಸಿಕೊಳ್ಳುವುದನ್ನು ಮಾತ್ರ ಆ ಮನುಷ್ಯ ಎಂದೂ ಮರೆಯಲಿಲ್ಲ.

ಗಂಡ ತೀರಿಕೊಂಡ ಮೇಲೆ ಮೇಡಂ ಊರಿನ ಇನ್ನೊಂದು ತುದಿಯ ಕೂಕಟ್‌ಪಲ್ಲಿಯ ಫ್ಲಾಟಿಗೆ ಹೋದರು. ಇನ್ನಾದರೂ ನೆಮ್ಮದಿಯಾಗಿರುತ್ತಾರೆಂದುಕೊಂಡು ನೋಡಲು ಹೋದೆ. ಲಿಫ್ಟಿನ ಬಾಗಿಲು ಬಡಿದಾಗ, ಪಕ್ಕದ ಮನೆಯ ಕುಕ್ಕರ್ ಕೂಗಿದಾಗ, ಅವರ ಕೈಯ ಚಹಾ ತುಳುಕುತ್ತಿತ್ತು.

"ಅವರು ಹೋದ್ರು," ಎಂದು ನಕ್ಕರು. "ಹೋಗೂಮುಂದ ಅಂಜಿಕಿ ತಡೆಯೂ ಶಕ್ತೀನೂ ಒಯ್ದ್ರು. ನನಗ ಎಲ್ಲಾ ಗೊತ್ತೈತಿ ನೋಡು. ಗೊತ್ತಿದ್ದು ಏನ್ ಮಾಡ್ಲಿ?"

ಮೇಡಂ ಬಹಳ ಕಾಲ ಉಳಿಯಲಿಲ್ಲ, ಹೃದಯ ನಿಂತು ತೀರಿಕೊಂಡರು. ಸಂತಾಪ ಸಭೆಯಲ್ಲಿ ಅದೇ ಮುಖ್ಯಸ್ಥರು, "ಅಂಜಿಕೆ ಅನ್ನುವುದನ್ನೇ ಅರಿಯದ ಹೆಣ್ಣುಮಗಳು," ಎಂದರು. ಎಲ್ಲರೂ ತಲೆದೂಗಿದರು. ನಾನು ಎದ್ದು ಹೊರಗೆ ಬಂದೆ.

ಇಲಿಗಳ ಕೆಲಸ ಬಿಟ್ಟು ನಾನು ಆಪ್ತಸಲಹೆಗೆ ಬಂದದ್ದು ಅವರಿಂದಲೇ. ಹೊಡೆತ ತಿಂದು ನನ್ನಲ್ಲಿಗೆ ಬರುವ ಹೆಂಗಸರಿಗೆ ಮನೆಯವರು "ಆದದ್ದಾಯ್ತು, ಮರೆತುಬಿಡು" ಎಂದು ಹೇಳಿಯೇ ಕಳಿಸಿರುತ್ತಾರೆ. ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ನಾನು ಮೊದಲು ಕೇಳುವುದು, "ಹೊಡೆದವರು ಇನ್ನೂ ಮನೆಯಲ್ಲೇ ಇದ್ದಾರಾ?" ಅಂತ.