ಇಸ್ತ್ರಿಯವಳಿಗೆ ತಂಪು ತಗುಲಿದ್ದು

ಇಸ್ತ್ರಿ ಮಾಡಿದ ದಿನ, ಎಲ್ಲರೂ ಗೌರವದಿಂದ ದೋನ್ಯಾ ಎನ್ನುತ್ತಿದ್ದ ಓತಿಲಿಯಾ ತಣ್ಣೀರು ಮುಟ್ಟುತ್ತಿರಲಿಲ್ಲ. ಕಾದ ಮೈಗೆ ತಂಪು ತಗುಲಿದರೆ ಬೆರಳು ಸೊಟ್ಟಗಾಗುತ್ತವೆ ಎಂದು ನಮ್ಮ ವೆರಾಕ್ರೂಸ್ ಬಂದರಿನ ಹೆಂಗಸರೆಲ್ಲ ನಂಬುತ್ತಾರೆ. ಇವಳಂತೂ ಆ ನಂಬಿಕೆಗೆ ಪೊಲೀಸು. ಮಗಳು ನೋಯೆಮಿ ಚಿಕ್ಕವಳಿದ್ದಾಗ, ಇಸ್ತ್ರಿ ಹಾಕಿದ ಕೈಯಲ್ಲೇ ಫ್ರಿಜ್ ತೆರೆದಳೆಂದು ಅಟ್ಟಾಡಿಸಿ ಹೊಡೆದಿದ್ದಳು. ನಾನು ಪಕ್ಕದ ಮನೆಯ ಫೆರ್ಮಿನ್, ಕಾಫಿ ಹೋಟೆಲಿನ ಮಾಣಿ. ನನ್ನ ಬಿಳಿ ಕೋಟು ಗರಿಗರಿಯಾಗುತ್ತಿದ್ದುದು ಅವಳ ಕೈಯಲ್ಲೇ.

ಒಂದು ಮಧ್ಯಾಹ್ನ ಅವಳು ತಲೆ ಹಿಡಿದುಕೊಂಡು ಇಸ್ತ್ರಿ ಮೇಜಿನ ಪಕ್ಕ ಕುಸಿದಳು. ಮೆದುಳಿನ ರಕ್ತನಾಳವೊಂದು ಬಲೂನಿನಂತೆ ಉಬ್ಬಿ ಸೋರಿತ್ತು. ಮತ್ತೆ ಒಡೆದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಪರದೆ ಎಳೆದ ಕೋಣೆ. ಏಳುವಂತಿಲ್ಲ, ಕೆಮ್ಮುವಂತಿಲ್ಲ, ಅಳುವಂತೆಯೂ ಇಲ್ಲ.

ಅರಿವಳಿಕೆಯ ಡಾಕ್ಟರಮ್ಮ ಬಂದು ಹೇಳಿದರು: "ಆ ಉಬ್ಬಿಗೆ ಕ್ಲಿಪ್ ಹಾಕ್ತೀವಿ ದೋನ್ಯಾ. ಆಗ ನಿಮ್ಮ ಮೈನ ಸ್ವಲ್ಪ ತಣ್ಣಗೆ ಮಾಡ್ತೀವಿ. ತಣ್ಣಗಿದ್ರೆ ಮೆದುಳಿಗೆ ಹಸಿವು ಕಮ್ಮಿ, ರಕ್ತ ಸ್ವಲ್ಪ ಹೊತ್ತು ನಿಂತ್ರೂ ತಡ್ಕೊಳ್ಳುತ್ತೆ."

"ನಲವತ್ತು ವರ್ಷದ ಇಸ್ತ್ರಿ ಕಾವಿದೆ ಈ ಮೈಯಲ್ಲಿ! ಕೈ ಹೋದ್ಮೇಲೆ ಬದುಕಿ ಏನ್ ಮಾಡ್ಲಿ?"

"ತಣ್ಣಗೆ ಮಾಡಿದ್ರೆ ಉಪಯೋಗ ಆಗೇ ಆಗುತ್ತಾ?" ಎಂದು ನೋಯೆಮಿ ಕೇಳಿದಳು.

"ಆಣೆ ಇಡಲ್ಲಮ್ಮಾ. ಎಷ್ಟೋ ಜನಕ್ಕೆ ವ್ಯತ್ಯಾಸಾನೇ ಕಂಡಿಲ್ಲ. ಆದ್ರೆ ಇವರ ಉಬ್ಬು ಕಷ್ಟದ ಜಾಗದಲ್ಲಿದೆ, ಅದಕ್ಕೇ ತಣ್ಣಗೆ ಮಾಡೋದು."

ನನಗೆ ರೇಗಿತು. "ಅಲ್ಲಾ ಓತಿಲಿಯಾ, ನೆಟ್ಟಗಿರೋ ಬೆರಳು ಇಟ್ಕೊಂಡು ಹೆಣದ ಪೆಟ್ಟಿಗೆಯಲ್ಲಿ ಯಾರ ಅಂಗಿಗೆ ಇಸ್ತ್ರಿ ಹಾಕ್ತೀಯ?"

"ನಿನ್ನ ಕೋಟಿಗಂತೂ ಹಾಕಲ್ಲ," ಎಂದವಳು ತನ್ನ ಬೆರಳುಗಳನ್ನು ಒಂದೊಂದಾಗಿ ಸವರಿಕೊಂಡಳು. ಆಮೇಲೆ, "ಕೈಗೆ ಉಣ್ಣೆ ಸುತ್ತಿ," ಎಂದಳು.

"ಒಂದು ಬೆರಳು ಮಾತ್ರ ನನಗೆ ಬಿಡಿ, ನಾಡಿ ನೋಡೋ ಯಂತ್ರ ಸಿಕ್ಕಿಸೋಕೆ," ಎಂದರು ಡಾಕ್ಟರಮ್ಮ.

ಮೈ ತಣ್ಣಗಾಯಿತು, ಕ್ಲಿಪ್ ಬಿತ್ತು, ಮೈ ಮತ್ತೆ ಬೆಚ್ಚಗಾಯಿತು. ಎಚ್ಚರವಾದಾಗ ಅವಳು ಗಡಗಡ ನಡುಗುತ್ತಿದ್ದಳು. ಕಣ್ಣು ಬಿಡುವ ಮೊದಲೇ ಕಂಬಳಿಯೊಳಗೆ ಬೆರಳು ಮಡಚಿ ಬಿಡಿಸಿ ನೋಡಿಕೊಂಡಳು. ನಾನು ನಾಚಿಕೆ ಬಿಟ್ಟು ಅತ್ತೆ.

ಮನೆಗೆ ಬಂದು ನೋಡಿದರೆ ಇಸ್ತ್ರಿ ಪೆಟ್ಟಿಗೆಯೇ ಇಲ್ಲ. ನೋಯೆಮಿ ಬಚ್ಚಿಟ್ಟಿದ್ದಳು.

"ತಂಪು ಇನ್ನೂ ಮೂಳೆಯೊಳಗಿದೆ ಅಮ್ಮಾ. ಈಗ ಕಾದ ಇಸ್ತ್ರಿ ಮುಟ್ಟಿದ್ರೆ ಕೈ ಸೊಟ್ಟಗಾಗುತ್ತೆ."

"ಕೆಲಸ ಶುರು ಮಾಡ್ಬಹುದು ಅಂದ್ರಲ್ಲೇ ಡಾಕ್ಟರು!"

"ಡಾಕ್ಟರಿಗೇನು ಗೊತ್ತು ಅಂತ ಹೇಳಿಕೊಟ್ಟಿದ್ದು ನೀನೇ ತಾನೆ?"

ಓತಿಲಿಯಾ ಬೋನಿಗೆ ಬಿದ್ದಳು. ತಾನೇ ಕಟ್ಟಿದ ಬೋನು. ತಿಂಗಳುಗಟ್ಟಲೆ ಶಾಲು ಹೊದ್ದು ಕಿಟಕಿಯ ಪಕ್ಕ ಕೂತಳು.

ನಿನ್ನೆ ಕೆಲಸಕ್ಕೆ ಹೊರಟಿದ್ದ ನನ್ನನ್ನು ಕರೆದಳು. "ಬಾ ಇಲ್ಲಿ. ಹಸು ಜಗಿದು ಉಗುಳಿದ ಹಾಗಿದೆ ನಿನ್ನ ಕೋಟು." ಕಿಟಕಿಯ ಸರಳುಗಳ ನಡುವೆ ಕೈ ಹಾಕಿ, ನನ್ನ ಕಾಲರನ್ನು ಅಂಗೈಯಿಂದಲೇ ಒತ್ತಿ ಒತ್ತಿ ನೇವರಿಸಿದಳು. ಅಂಗೈ ಬೆಚ್ಚಗಿತ್ತು.

"ನೋಡು ಫೆರ್ಮಿನ್, ಹತ್ತೂ ನೆಟ್ಟಗಿವೆ."

"ಅಮ್ಮಾ, ತಣ್ಣನೆ ಗಾಳಿ!" ಒಳಗಿನಿಂದ ನೋಯೆಮಿ ಓಡಿ ಬಂದಳು. ಓತಿಲಿಯಾ ಕೈ ಒಳಗೆಳೆದುಕೊಂಡಳು. ಮಗಳು ಕಿಟಕಿ ಮುಚ್ಚಿದಳು.