ಪೂಜೆಯಾದ ಗೋಲುಕಂಬ

ನಮ್ಮ ಕೊಟ್ಟೂರು ಕಾಲೇಜು ಹುಡುಗರ ಫುಟ್‌ಬಾಲ್ ಮ್ಯಾಚಿಗೆ ಕೂಗಲಿಕ್ಕೆ ನಾನಿರಲೇಬೇಕು. ನನ್ನ ಗಂಟಲು ಅಂಥಾದ್ದು. ಆ ಸಲ ಹರಪನಹಳ್ಳಿ ಕಡೆಯ ಒಂದು ಊರಿನ ತಂಡದ ಮೇಲೆ ಆಡಲು ಅವರ ಮೈದಾನಕ್ಕೇ ಹೋಗಿದ್ದೆವು. ಗೆದ್ದವರು ಬಳ್ಳಾರಿಗೆ ಆಡಲು ಹೋಗುತ್ತಾರೆ, ಸೋತವರಿಗೆ ಆ ವರ್ಷದ ಆಟ ಮುಗಿದಂತೆ.

ಆಟಕ್ಕೆ ಮೊದಲು ಆ ಊರಿನ ಯಜಮಾನರೊಬ್ಬರು ತಮ್ಮ ಹುಡುಗರು ಕಾಯುವ ಗೋಲಿನ ಕಂಬಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಮೊದಲರ್ಧ ಯಾರೂ ಗೋಲು ಹೊಡೆಯಲಿಲ್ಲ. ವಿರಾಮ ಮುಗಿದು ಎರಡೂ ತಂಡಗಳು ಕಡೆ ಬದಲಿಸಿದ್ದೇ ತಡ, ಯಜಮಾನರು ಟವೆಲ್ ಕೊಡವಿಕೊಂಡು ಮೈದಾನದೊಳಗೇ ನುಗ್ಗಿದರು.

“ಏ ಮಾಸ್ತರ, ಪೂಜಿ ಮಾಡಿದ್ದು ನಾವು. ಆ ಗೋಲು ಕೊಟ್ಟೂರಿನವ್ರಿಗೆ ಹೆಂಗ ಕೊಡ್ತೀರಿ?”

“ಆಟದ ನಿಯಮ ಐತ್ರಿ,” ಎಂದರು ರೆಫರಿಯಾಗಿದ್ದ ಪಿ.ಟಿ. ಮಾಸ್ತರು.

“ನಿಯಮ ದೇವ್ರಿಗಿಂತ ದೊಡ್ಡದೇನ್ರಿ?”

ಊರವರೆಲ್ಲ ಅವರ ಹಿಂದೆ ನಿಂತರು, ಆಟ ನಿಂತುಹೋಯಿತು. ಈ ಜಗಳದಲ್ಲಿ ನಮ್ಮ ಬಳ್ಳಾರಿ ಆಟ ಕೈತಪ್ಪುತ್ತದಲ್ಲ ಅಂತ ನಾನೇ ಮುಂದೆ ಹೋದೆ.

“ಯಜಮಾನ್ರ, ಈ ಕಡಿಗೂ ಒಂದು ಕಾಯಿ ಒಡದುಬಿಡ್ರಿ.”

ಇಷ್ಟು ಬುದ್ಧಿ ಅಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ. ಕಾಯಿ ತರಿಸಿ ಒಡೆದರು. ಸ್ವಲ್ಪ ಹೊತ್ತಿಗೇ ನಮ್ಮವರು ಅದೇ ಗೋಲಿಗೆ ಚೆಂಡು ನುಗ್ಗಿಸಿ ಗೆದ್ದೂಬಿಟ್ಟರು.

ಯಜಮಾನರು ಸೀದಾ ನನ್ನ ಹತ್ತಿರ ಬಂದರು. “ಮುಂದಿನ ಸಲ ಎರಡೂ ಕಡಿ ಮೊದ್ಲೇ ಒಡಿತೀವಿ, ನೋಡ್ತಿರಲೇ!”

ಅವರ ಹುಡುಗರಲ್ಲಿ ಅರ್ಧ ಮಂದಿ ಬರಿಗಾಲಲ್ಲಿ ಆಡಿದ್ದರು. “ಒಡೀರಿ. ಹಂಗ ಹುಡುಗ್ರಿಗೆ ಬೂಟೂ ಕೊಡಸ್ರಿ,” ಅಂದೆ.

“ನೋಡ್ರಪ್ಪಾ, ಇವನಿಗೆ ಭಕ್ತಿ ಅನ್ನೋದೇ ಇಲ್ಲ,” ಎಂದು ಅವರು ಊರವರ ಕಡೆ ತಿರುಗಿದರು. ಬರಿಗಾಲಿನ ಹುಡುಗರೂ ಹೌದೆಂದು ತಲೆಯಾಡಿಸಿದರು.