ಶೆಟ್ಟಿಹಳ್ಳಿಯ ಬೋರ್‌ವೆಲ್ ನೀರು

ಮತ್ತಿಕೆರೆಯ ಅಂಗಡಿಯಿಂದ ಡ್ರೈಕ್ಲೀನ್ ಆಗಿ ಬಂದ ಸೀರೆಯ ಕವರ್ ಬಿಚ್ಚಿದೆ. ಸಿಹಿಸಿಹಿಯಾದ ಒಂದು ಘಾಟು ಮೂಗಿಗೆ ಬಡಿಯಿತು. ಸೀರೆಯನ್ನು ಹಾಗೇ ಮಂಚದ ಮೇಲೆ ಬಿಟ್ಟು ಕೂತೆ. ಮೇಡಂ ನೆನಪಾದರು...

ಯಶವಂತಪುರದ ಆಚೆ, ನೀರು ಮತ್ತು ಆಹಾರ ಪರೀಕ್ಷಿಸುವ ಲ್ಯಾಬಿಗೆ ನಾನು ಸೇರಿದಾಗ ಅವರು ಅಲ್ಲಿ ನನ್ನ ಹಿರಿಯ ಸಹೋದ್ಯೋಗಿ. ಅವರದು ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದ ಮನೆತನ. ನೀರಿನಲ್ಲಿ ಬೆರೆತದ್ದನ್ನು ಬಿಡಿಬಿಡಿಯಾಗಿಸುವ ಕಾಲಂ ಎಂದರೆ ದಾರದಷ್ಟು ಸಣ್ಣಗಿನ, ಸುರುಳಿ ಸುತ್ತಿದ ಕೊಳವೆ. ಅದನ್ನು ಆರಿಸಿ ಯಂತ್ರಕ್ಕೆ ಜೋಡಿಸುವುದನ್ನು ಕಲಿಸಿದವರು ಅವರೇ. "ಆತುರ ಬೇಡಮ್ಮ. ತುದಿ ನೆಟ್ಟಗೆ ಕತ್ತರಿಸ್ಲಿಲ್ಲ ಅಂದ್ರೆ ಮುಂದಿಂದೆಲ್ಲ ಸುಳ್ಳೇ ಬರುತ್ತೆ," ಎನ್ನುತ್ತಿದ್ದರು.

ಅವರ ಯಜಮಾನರಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾದಾಗ ನೋಡಲು ಬಂದ ನಾದಿನಿ, ಕುಡಿಯಲು ಎತ್ತಿದ ಲೋಟವನ್ನು ಕೆಳಗಿಟ್ಟು, ಇದೇನು ವಾಸನೆ ಎಂದರಂತೆ. ಮರುದಿನ ಮೇಡಂ, ಮನೆಯಲ್ಲಿ ಕುಡಿಯುತ್ತಿದ್ದ ಬೀದಿಯ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತಂದರು. ಕೀಟನಾಶಕ ಹುಡುಕಲು ಹಾಕಿದ್ದ ಕಾಲಂ ಅದಕ್ಕೆ ಆಗುತ್ತಿರಲಿಲ್ಲ. ಬೇಗ ಆವಿಯಾಗುವಂಥವೆಲ್ಲ ಅದರಲ್ಲಿ ಒಟ್ಟಿಗೇ ಓಡಿಬಿಡುತ್ತವೆ. ಒಳಪದರ ದಪ್ಪವಿರುವ ಉದ್ದನೆಯದನ್ನು ಬೀರುವಿನಿಂದ ತೆಗೆದರು. ಮೊದಲು ನಟ್ಟು ಪೋಣಿಸಿ, ಆಮೇಲೆ ತುದಿ ಕತ್ತರಿಸಿ, ಭೂತಗನ್ನಡಿಯಲ್ಲಿ ನೋಡಿದರು. ಒಂದು ಕಡೆಯಿಂದ ಹೀಲಿಯಂ ಬಿಟ್ಟು ಇನ್ನೊಂದು ತುದಿಯನ್ನು ಮೆಥನಾಲಿನಲ್ಲಿ ಅದ್ದಿದಾಗ ಸಣ್ಣ ಗುಳ್ಳೆಗಳೆದ್ದವು; ಕೊಳವೆ ಎಲ್ಲೂ ಕಟ್ಟಿಕೊಂಡಿರಲಿಲ್ಲ. ಕಾಲಂನ ಕೊಳೆ, ಬಂದದ್ದು ಏನೆಂದು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಹೋಗಬಾರದೆಂದು, ಆ ತುದಿಯನ್ನು ಅದಕ್ಕೆ ಸೇರಿಸದೆಯೇ ಓವನ್‌ನಲ್ಲಿ ಕಾಯಿಸಿದರು. ಅಷ್ಟು ಹೊತ್ತೂ ಸ್ಟೂಲ್ ಬಿಟ್ಟು ಏಳಲಿಲ್ಲ.

ಸಂಜೆ ಪರದೆಯ ಮೇಲೆ ಎತ್ತರದ ಗೆರೆಯೊಂದು ಎದ್ದಿತು. ಲೋಹದ ಜಿಡ್ಡು ತೊಳೆಯುವ ದ್ರಾವಕ; ಡ್ರೈಕ್ಲೀನಿಂಗ್‌ಗೆ ಬಳಸುವುದೂ ಅದೇ ಜಾತಿಯದು. ಅವರ ಬೀದಿಯ ಕೊನೆಗೆ ಯಂತ್ರದ ಬಿಡಿಭಾಗ ತೊಳೆಯುವ ಶೆಡ್ ಇತ್ತು.

"ಇಷ್ಟು ವರ್ಷ ಇಲ್ಲಿ ಇಂಥದ್ದನ್ನೇ ಮೂಸಿದೀನಿ ಕಣಮ್ಮ," ಎಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. "ಮನೇಲಿ ವಾಸನೆ ಬಂದಾಗೆಲ್ಲ ನನ್ನ ಬಟ್ಟೆಯಿಂದಾನೇ ಅಂದ್ಕೊಂಡಿದ್ದೆ."

ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟರು. ಬಂದವರು ಬೇರೆ ಸ್ಯಾಂಪಲ್ ಒಯ್ದರು, ಮತ್ತೆ ಬರಲಿಲ್ಲ. ಶೆಡ್ ಖಾಲಿಯಾಯಿತು. ಯಜಮಾನರು ತೀರಿಕೊಂಡರು. ಕಾಯಿಲೆ ನೀರಿನಿಂದಲೇ ಬಂತೇ ಎಂದರೆ, ಹಾಗೆ ಹೇಳಲಾಗದು ಎಂದರಂತೆ ಡಾಕ್ಟರು.

"ಬೇರೆ ಕಡೆ ದೂರು ಕೊಡೋಣ ಮೇಡಂ. ಇನ್ನೊಂದ್ಸಲ ಟೆಸ್ಟ್ ಮಾಡೋಣ," ಎಂದೆ.

"ಮಾಡಿ? ಏನ್ ಬರುತ್ತೆ ಅಂತ ಗೊತ್ತಲ್ಲ ನಿಂಗೆ."

ಆ ತಿಂಗಳೇ ಕೆಲಸ ಬಿಟ್ಟರು. ಕೆಲವು ಸಲ ಫೋನಿನಲ್ಲಿ ಮಾತಾಡಿದರು, ಆಮೇಲೆ ಎತ್ತುವುದನ್ನೇ ನಿಲ್ಲಿಸಿದರು...

ಇವತ್ತು ಮನಸ್ಸು ತಡೆಯದೆ ಅವರ ನಾದಿನಿಗೆ ಫೋನ್ ಮಾಡಿದೆ. ಮೇಡಂ ತೀರಿಹೋಗಿ ಆಗಲೇ ವರ್ಷವಾಯಿತಂತೆ.

"ಅವರಿಗೂ ಅದೇನಾ?"

"ಹೂಂ ಕಣಮ್ಮ, ಅದೇ."

ಬೋರ್‌ವೆಲ್ ಮುಚ್ಚಿದರೇ ಎಂದು ಕೇಳಿದೆ. ಇಲ್ಲವಂತೆ; ಬೀದಿಯವರು ಪಾತ್ರೆ ಬಟ್ಟೆಗೆ ಬಳಸುತ್ತಾರಂತೆ.

"ಕುಡಿಯೋದಿಲ್ಲ ತಾನೆ?"

"ಕಾವೇರಿ ನೀರು ಬರದೇ ಇದ್ದ ದಿನ ಇನ್ನೇನ್ ಕುಡೀತಾರಮ್ಮ?"

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಾನು ಕೇಳುತ್ತಿದ್ದದ್ದು ಮೇಡಂ ಒಬ್ಬರನ್ನೇ.